ಕಲೆ ಹೋಗಲಿ, ಮುಖ ಉಳಿಯಲಿ

ಹೋಟೆಲಿನ ಉದ್ಯೋಗಕ್ಕೋ ಗುಮಾಸ್ತಿಕೆಗೋ ಮುಂಬಯಿ, ಪುಣೆಗಳಿಗೆ ಬಂದು ನೆಲೆಸಿರುವ ನಮ್ಮವರ ಟ್ರಂಕುಗಳಲ್ಲಿ, ಬಟ್ಟೆಬರೆಗಳ ಅಡಿಯಲ್ಲಿ, ಒಂದು ಹಳೆಯ ಭಾವಚಿತ್ರವಿರುವುದು ಅಪೂರ್ವವಲ್ಲ. ತಂದೆಯದೋ, ತಾಯಿಯದೋ, ಅಜ್ಜನದೋ. ಎಷ್ಟೋ ವೇಳೆ ಅವರದೆಂದು ಉಳಿದಿರುವುದು ಅದೊಂದೇ. ಮಳೆಗಾಲದ ತೇವದಿಂದ ಬೂಷ್ಟು ಹಿಡಿದು, ಮಡಿಕೆಯ ಗೆರೆ ಬಿದ್ದು, ಪೂಜೆಯ ದಿನಗಳಲ್ಲಿ ಹಚ್ಚಿದ ಅರಸಿನ ಕುಂಕುಮಗಳು ಕಾಗದಕ್ಕೇ ಇಳಿದು ಅದು ಕಲೆಗಟ್ಟಿರುತ್ತದೆ. ಅದನ್ನು ಕಂಪ್ಯೂಟರಿನ ನೆರವಿನಿಂದ ಶುದ್ಧಗೊಳಿಸುವುದು ಈಗ ಕಷ್ಟವಲ್ಲ. ಆದರೆ ಆ ಭರದಲ್ಲಿ ಹಿರಿಯರ ಮುಖವನ್ನೇ ಕಳೆದುಕೊಳ್ಳುವ ಸಂಭವವೂ ಉಂಟಾದುದರಿಂದ, ಈ ವಿಷಯವಾಗಿ ನಾಲ್ಕು ಮಾತು ಬರೆಯುವುದು ಉಚಿತವೆಂದು ಭಾವಿಸುತ್ತೇವೆ.

ಛಾಯಾಚಿತ್ರವನ್ನು ತಿದ್ದುವ ಉದ್ಯೋಗ ಹೊಸದೇನೂ ಅಲ್ಲ. ಹಿಂದಿನ ಸ್ಟುಡಿಯೋಗಳಲ್ಲಿ ನೆಗೆಟಿವಿನ ಮೇಲೆ ಸೂಕ್ಷ್ಮವಾಗಿ ಪೆನ್ಸಿಲ್ ಆಡಿಸಿ, ಸುಕ್ಕುಗಳನ್ನೂ ಸಿಡುಬಿನ ಕಲೆಗಳನ್ನೂ ಮರೆಸುವ ನಿಪುಣರಿದ್ದರು. 1990ರಲ್ಲಿ ಅಡೋಬಿ ಸಂಸ್ಥೆಯ ಫೋಟೋಶಾಪ್ ಹೊರಬಂದ ಮೇಲೆ ಆ ಕೆಲಸ ಕ್ರಮೇಣ ಕಂಪ್ಯೂಟರಿಗೆ ದಾಟಿತು. ಫೋಟೋಶಾಪಿಗೆ ಹಣ ತೆರಬೇಕು. ಗಿಂಪ್ ಎಂಬ ತಂತ್ರಾಂಶ ಬಿಟ್ಟಿಯಾಗಿಯೇ ದೊರೆಯುತ್ತದೆ. ಮನೆಯ ಚಿತ್ರಗಳಿಗೆ ಅದು ಧಾರಾಳವಾಗಿ ಸಾಕು.

ಮೊದಲು ಚಿತ್ರವನ್ನು ಅಂಗುಲಕ್ಕೆ 600 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿಸಬೇಕು. ಗಾಜಿಗೆ ಅಂಟಿಕೊಂಡಿದ್ದರೆ ಕೀಳುವ ಸಾಹಸ ಬೇಡ. ಗಾಜಿನ ಸಮೇತವೇ ಇಡಬಹುದು. ಚಿತ್ರ ಕಪ್ಪು ಬಿಳುಪಿನದಾದರೂ ಸ್ಕ್ಯಾನ್ ಮಾತ್ರ ವರ್ಣದಲ್ಲಿಯೇ ಆಗತಕ್ಕದ್ದು. ಏತಕ್ಕೆಂದರೆ, ಕಲೆಗಳಲ್ಲಿ ಎರಡು ಜಾತಿ. ಚಿತ್ರವನ್ನು ಮುಚ್ಚಿದ ಕಲೆ ಒಂದು; ಚಿತ್ರವನ್ನೇ ತಿಂದುಹಾಕಿದ ಕಲೆ ಇನ್ನೊಂದು. ಮೊದಲನೆಯದರ ಅಡಿಯಲ್ಲಿ ಮುಖ ಇನ್ನೂ ಇದೆ.

ಕಂಪ್ಯೂಟರು ಪ್ರತಿಯೊಂದು ವರ್ಣಚಿತ್ರವನ್ನೂ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳಾಗಿ ಇಟ್ಟುಕೊಳ್ಳುತ್ತದೆ. ಗಿಂಪಿನಲ್ಲಿ ಡಿಕಂಪೋಸ್ ಎಂಬ ಆಜ್ಞೆಯಿಂದ ಈ ಮೂರನ್ನೂ ಬೇರ್ಪಡಿಸಿ ನೋಡಬಹುದು. ಕುಂಕುಮವೂ ಬಿಳಿಯ ಕಾಗದವೂ ಕೆಂಪು ಬೆಳಕನ್ನು ಒಂದೇ ಬಗೆಯಾಗಿ ಮರಳಿಸುವುದರಿಂದ, ಕೆಂಪು ಪದರದಲ್ಲಿ ಕುಂಕುಮ ಬಹುಮಟ್ಟಿಗೆ ಮಾಯವಾಗಿ, ಅದರ ಹಿಂದಿದ್ದ ಹಣೆ, ಹುಬ್ಬುಗಳು ಕಾಣಿಸಿಕೊಳ್ಳುತ್ತವೆ. ಅರಸಿನದ ಕಲೆಗೂ, ಕಾಗದ ಹಳದಿಗಟ್ಟಿದುದಕ್ಕೂ ಇದೇ ಪದರ ಸರಿ. ನೀಲಿ ಶಾಯಿಗೆ ನೀಲಿ ಪದರ. ಇಲ್ಲಿ ಒಂದು ಗೆರೆಯನ್ನೂ ನಾವು ಹೊಸದಾಗಿ ಬರೆದಿಲ್ಲ, ಇದ್ದುದೇ ಕಂಡಿತು.

ಬೂಷ್ಟು ತಿಂದ ಜಾಗ, ಮಡಿಕೆಯಲ್ಲಿ ಕಿತ್ತುಹೋದ ಜಾಗ, ಇವುಗಳ ಕಥೆ ಬೇರೆ. ಅಲ್ಲಿ ಬಿಳಿಯ ಕಾಗದವಲ್ಲದೆ ಏನೂ ಉಳಿದಿಲ್ಲ. ಕ್ಲೋನ್ ಎಂಬ ಸಾಧನ ಪಕ್ಕದ ಭಾಗವನ್ನು ಹಾಗೆಯೇ ತಂದು ಅಲ್ಲಿಗೆ ಅಂಟಿಸುತ್ತದೆ; ಹೀಲ್ ಎಂಬುದು ಅದನ್ನು ಸುತ್ತಲಿನ ನೆರಳು ಬೆಳಕಿಗೆ ಹೊಂದಿಸುತ್ತದೆ. ಎರಡೂ ನೆರೆಮನೆಯ ಸಾಲವೇ. ಸ್ಟುಡಿಯೋದ ಪರದೆಗೆ, ಸೀರೆಯ ಒಡಲಿಗೆ ಈ ಸಾಲ ತರಬಹುದು. ಕಣ್ಣಿಗೆ, ತುಟಿಗೆ ತರಬಾರದೆಂದು ನಮ್ಮ ಅಭಿಪ್ರಾಯ. ಧೂಳಿನ ಚುಕ್ಕಿಗಳನ್ನು ತಾನಾಗಿಯೇ ತೆಗೆಯುವ ಸಾಧನಗಳೂ ಇವೆ. ಅವುಗಳ ಕಣ್ಣಿಗೆ ಧೂಳಿನ ಚುಕ್ಕಿಯೂ ಅಜ್ಜಿಯ ಮೂಗುಬೊಟ್ಟೂ ಒಂದೇ. ಎರಡನ್ನೂ ಅಳಿಸಿಬಿಟ್ಟಾವು!

ಈಚೆಗೆ ಕೃತಕ ಬುದ್ಧಿಮತ್ತೆಯಿಂದ ಒಂದೇ ಕ್ಷಣದಲ್ಲಿ ಮುಖವನ್ನು ಸ್ಫುಟಗೊಳಿಸಿಕೊಡುತ್ತಾರೆ. ಅದು ನೋಡಲು ಸೊಗಸಾಗಿಯೇ ಇರುತ್ತದೆ. ಆದರೆ ಆ ಯಂತ್ರ ತಾನು ಕಂಡಿರುವ ಅಸಂಖ್ಯ ಮುಖಗಳ ಆಧಾರದಿಂದ ಕಣ್ಣು ಮೂಗುಗಳನ್ನು ಊಹಿಸಿ ತುಂಬುತ್ತದೆಯೇ ಹೊರತು, ನಮ್ಮ ತಂದೆಯನ್ನು ಅದು ಬಲ್ಲುದಿಲ್ಲ. ನಾವಾದರೋ ಗುರುತು ಹಿಡಿದೇವು. ಅಜ್ಜನನ್ನು ಕಾಣದೆ ಬೆಳೆದ ಮೊಮ್ಮಕ್ಕಳಿಗೆ ಆ ಅಪರಿಚಿತನೇ ಅಜ್ಜನಾಗುತ್ತಾನೆ. ಕೆನ್ನೆಯ ಮೇಲೊಂದು ಬಿಳಿಯ ಗೆರೆ ಉಳಿದರೆ ನಷ್ಟವೇನು?

ಕಂಪ್ಯೂಟರಿನ ಪರಿಚಯವಿಲ್ಲದವರು ಅಂಗಡಿಗೆ ಕೊಡುವಾಗ, ಹಿನ್ನೆಲೆಯನ್ನು ತಿದ್ದಿ, ಮುಖದ ಮೇಲೆ ಹೊಸದಾಗಿ ಏನನ್ನೂ ಬರೆಯಬೇಡಿರೆಂದು ಸ್ಪಷ್ಟವಾಗಿ ಹೇಳಬೇಕು. ತಿದ್ದಿದ ಪ್ರತಿಯೊಂದಿಗೆ ತಿದ್ದದ ಸ್ಕ್ಯಾನನ್ನೂ ಕೇಳಿ ಪಡೆಯಬೇಕು. ಊರಿನವರು ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ಎಂದು ಕಳುಹಿಸಲು ತಿಳಿಸಿರಿ. ಫೋಟೋ ಎಂದು ಕಳುಹಿಸಿದರೆ ಅದು ಕುಗ್ಗಿಯೇ ಬರುವುದು.