ಅಪ್‌ಡೇಟ್ ನಂತರ ನಿಧಾನವಾದ ಫೋನ್: ಪರಿಹಾರ ಕ್ರಮಗಳು

ಚಳ್ಳಕೆರೆಯ ಶೇಂಗಾ ದರದ ವಿಚಾರಣೆಯೂ ಮೊಳಕಾಲ್ಮೂರಿನ ರೇಷ್ಮೆ ಸೀರೆಗಳ ಚಿತ್ರಗಳ ರವಾನೆಯೂ ಇಂದು ಸ್ಮಾರ್ಟ್‌ಫೋನ್ ಮೂಲಕ ನಡೆಯುತ್ತವೆ. ಆಪರೇಟಿಂಗ್ ಸಿಸ್ಟಂನ ದೊಡ್ಡ ಅಪ್‌ಡೇಟ್ ಆದೊಡನೆ ಫೋನ್ ನಿಧಾನವಾದರೆ ಗಾಬರಿಪಡಬೇಕಾಗಿಲ್ಲ. ಆಗ ಅದು ಆ್ಯಪ್‌ಗಳನ್ನು ಹೊಸ ವ್ಯವಸ್ಥೆಗೆ ಹೊಂದಿಸುತ್ತ, ಕಡತಗಳ ಸೂಚಿಯನ್ನು ಮತ್ತೆ ಸಿದ್ಧಪಡಿಸುತ್ತಿರುತ್ತದೆ. ರಾತ್ರಿ ಚಾರ್ಜಿಗೆ ಹಾಕಿಟ್ಟರೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಈ ಕಾರ್ಯ ಮುಗಿಯುತ್ತದೆ.

ಅನಂತರವೂ ವೇಗ ಮರಳದಿದ್ದಲ್ಲಿ ಫೋನನ್ನು ಆರಿಸಿ ಮತ್ತೆ ಚಾಲೂ ಮಾಡಬೇಕು. ಆ್ಯಪ್‌ಗಳನ್ನು ಅಪ್‌ಡೇಟ್ ಮಾಡಬೇಕು. ಬೇಡದ ವಿಡಿಯೋಗಳನ್ನು ಅಳಿಸಿ ಜಾಗ ತೆರವುಗೊಳಿಸಬೇಕು. ಸವೆದ ಬ್ಯಾಟರಿಯೂ ಕಾರಣವಾಗಬಹುದು. ಅಂತಹ ಐಫೋನ್‌ಗಳ ವೇಗವನ್ನು ತಗ್ಗಿಸಿದ್ದಾಗಿ ಆಪಲ್ ಸಂಸ್ಥೆ 2017ರಲ್ಲಿ ಒಪ್ಪಿಕೊಂಡಿತ್ತು.

ಫ್ಯಾಕ್ಟರಿ ರೀಸೆಟ್ ಕಟ್ಟಕಡೆಯ ಉಪಾಯ. ಅದು ಫೋನಿನಲ್ಲಿರುವ ಲೆಕ್ಕ, ಗಿರಾಕಿಗಳ ಸಂಖ್ಯೆ, ಸೀರೆಯ ಚಿತ್ರ ಎಲ್ಲವನ್ನೂ ಅಳಿಸುತ್ತದೆ. ಆದ್ದರಿಂದ ಮೊದಲು ಬ್ಯಾಕಪ್ ತೆಗೆದಿರಿಸುವುದು ಅತ್ಯಗತ್ಯ.