ಮೂತ್ರ ಸಿಂಪಡಿಸುವ ಬೆಕ್ಕು: ಮನೆಗೆ ತರುವ ಮುನ್ನ

ಬೆಕ್ಕು ಬಾಲವನ್ನು ನೆಟ್ಟಗೆತ್ತಿ ನಿಂತು, ಗೋಡೆ ಅಥವಾ ಪೀಠೋಪಕರಣಗಳ ಮೇಲೆ ಸ್ವಲ್ಪ ಮೂತ್ರವನ್ನು ಸಿಂಪಡಿಸುವುದು ತನ್ನ ಎಲ್ಲೆಯನ್ನು ಗುರುತಿಸುವ ಸಹಜ ವರ್ತನೆ. ಅದು ಹಟವೂ ಅಲ್ಲ, ಸೇಡೂ ಅಲ್ಲ. ಇಂತಹ ಬೆಕ್ಕನ್ನು ಸಾಕಲು ತರುವ ಮುನ್ನ ಮೂರು ಸಂಗತಿಗಳನ್ನು ವಿಚಾರಿಸಿಕೊಳ್ಳುವುದು ಅಗತ್ಯ.

ಮೊದಲನೆಯದಾಗಿ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ? ಇದರ ನಂತರ ಸುಮಾರು ಶೇಕಡಾ 90ರಷ್ಟು ಗಂಡು ಬೆಕ್ಕುಗಳಲ್ಲಿ ಸಿಂಪಡಣೆ ನಿಲ್ಲುತ್ತದೆ ಅಥವಾ ಬಹಳ ಮಟ್ಟಿಗೆ ತಗ್ಗುತ್ತದೆ. ಎರಡನೆಯದಾಗಿ, ಪಶುವೈದ್ಯರು ಪರೀಕ್ಷಿಸಿದ್ದಾರೆಯೇ? ಮೂತ್ರಕೋಶದ ಉರಿಯೂತ ಅಥವಾ ಹರಳು ಕಾರಣವಾಗಿರಬಹುದು. ಬೆಕ್ಕು ತಿಣುಕಿದರೂ ಮೂತ್ರ ಬಾರದಿದ್ದಲ್ಲಿ ಕೂಡಲೇ ಚಿಕಿತ್ಸೆ ಕೊಡಿಸಬೇಕು, ತಡವಾದರೆ ಪ್ರಾಣಾಪಾಯವುಂಟು. ಮೂರನೆಯದಾಗಿ, ಹಿಂದಿನ ಮನೆಯಲ್ಲಿ ಬೇರೆ ಬೆಕ್ಕುಗಳ ಕಾಟವಿತ್ತೇ? ಇದ್ದಲ್ಲಿ, ಒಂಟಿಯಾಗಿ ಸಾಕಿದಾಗ ಈ ಅಭ್ಯಾಸ ಕಡಿಮೆಯಾಗುವ ಸಂಭವವಿದೆ.

ದಂಡಿಸಿದರೆ ಭಯ ಹೆಚ್ಚಿ, ಸಿಂಪಡಣೆಯೂ ಹೆಚ್ಚಬಹುದು. ಫಿನಾಯಿಲ್ ಬೆಕ್ಕಿಗೆ ವಿಷಕಾರಿ. ಆದ್ದರಿಂದ ಕಲೆಗಳನ್ನು ಕಿಣ್ವಯುಕ್ತ ಮಾರ್ಜಕದಿಂದ ತೊಳೆಯಬೇಕು.

ಇಷ್ಟಾದರೂ ಕೆಲವು ಬೆಕ್ಕುಗಳು ಈ ಅಭ್ಯಾಸವನ್ನು ಪೂರ್ತಿಯಾಗಿ ಬಿಡುವುದಿಲ್ಲ. ಅದನ್ನು ಸಹಿಸಲು ಮನೆಯವರೆಲ್ಲರೂ ಸಿದ್ಧರಿಲ್ಲದಿದ್ದರೆ ತರದಿರುವುದೇ ಲೇಸು. ತಂದ ಮೇಲೆ ಬೀದಿಪಾಲು ಮಾಡಿ ಹಸಿವು, ಬಾಯಾರಿಕೆಗಳಿಗೆ ಈಡುಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಅಧಿನಿಯಮದ ಪ್ರಕಾರ ಅಪರಾಧವಾಗುತ್ತದೆ.