ತಲೆ ಎಣಿಸಿದರೆ ಸಾಲದು, ಹೆಸರು ಕೂಗಬೇಕು



ನೀವು ಗೋವಾಕ್ಕೆ ಬಂದವರಾದರೆ ದಂಡೆಯಲ್ಲಿ ನಿಂತು ಕಡಲನ್ನು ನೋಡಿಯೇ ಇರುತ್ತೀರಿ. ಆ ಕಡಲಿನ ತಳಕ್ಕೆ ಇಳಿದು ಮೀನು, ಬಂಡೆ, ಮುಳುಗಿದ ಹಡಗಿನ ಅವಶೇಷ ನೋಡಿಬರುವ ಒಂದು ಆಟವೂ ಈಗ ಇಲ್ಲಿದೆ. ಸ್ಕೂಬಾ ಡೈವಿಂಗ್ ಎನ್ನುತ್ತಾರೆ. ಮಾರ್ಮಗೋವಾ ಬಂದರಿನ ದಕ್ಷಿಣಕ್ಕೆ ಕಡಲಲ್ಲಿರುವ ಗ್ರಾಂಡೆ ದ್ವೀಪಕ್ಕೆ ಮಳೆಗಾಲ ಮುಗಿದ ಮೇಲೆ ಬೇಸಿಗೆಯವರೆಗೂ ಇದಕ್ಕಾಗಿ ಬೋಟುಗಳು ಹೋಗುತ್ತವೆ. ನಮ್ಮ ಕನ್ನಡನಾಡಿನಲ್ಲೇ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದಲ್ಲೂ ಈ ಆಟ ನಡೆಯುತ್ತದೆ.

ಇಂಥ ಒಂದು ಬೋಟಿನಲ್ಲಿ ನಾನು ಕೆಲವು ವರ್ಷ ಖಲಾಸಿಯಾಗಿದ್ದೆ. ನಮ್ಮ ತಂದೆ ಬಾಗಲಕೋಟೆ ಕಡೆಯಿಂದ ವಾಸ್ಕೋಕ್ಕೆ ಬಂದರಿನ ಕೂಲಿಗೆ ಬಂದವರು. ಅವರಿಗೆ ನೀರೆಂದರೆ ಬಾವಿ, ಇಲ್ಲವೇ ಕೆರೆ. ಮಗ ಕಡಲಿನ ಮೇಲೆ ದುಡಿಯುತ್ತಾನೆಂದು ತಿಳಿದಾಗ ಮೂರು ದಿನ ಮಾತಾಡಲಿಲ್ಲ. ಖಲಾಸಿಯ ಕೆಲಸವೆಂದರೇನು, ಆ ಬೋಟು ಹತ್ತುವ ನೀವು ಏನನ್ನು ತಿಳಿದಿರಬೇಕು ಎಂಬುದನ್ನು ಒಂದೇ ದಿನದ ಕಥೆಯ ಮೂಲಕ ಹೇಳುತ್ತೇನೆ.

ಅದು 2018ರ ಡಿಸೆಂಬರ್ ಕೊನೆಯ ವಾರ. ಬೆಂಗಳೂರಿನ ಒಂದು ಕಚೇರಿಯವರ ಗುಂಪು ಬರುವುದಿತ್ತು. ನಾವು ಬೆಳಗಿನ ಐದೂವರೆಗೆಲ್ಲ ಸಿಲಿಂಡರುಗಳನ್ನು ಬೋಟಿಗೆ ಏರಿಸಿದ್ದೆವು. ಇಲ್ಲಿ ಒಂದು ಮಾತು. ಆ ಸಿಲಿಂಡರಿನಲ್ಲಿ ಇರುವುದು ಆಸ್ಪತ್ರೆಯ ಆಮ್ಲಜನಕ ಎಂದು ಬಹಳ ಜನ ನಂಬಿದ್ದಾರೆ. ಅಲ್ಲ. ನಾವು ನೀವು ಉಸಿರಾಡುವ ಗಾಳಿಯನ್ನೇ ಸೋಸಿ, ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ. ಸಿಲಿಂಡರಿನೊಳಗಿನ ಜಾಗ 11 ಲೀಟರು. ಅದರಲ್ಲಿ ಹೊರಗಿನ ಲೆಕ್ಕದಲ್ಲಿ 2200 ಲೀಟರಿನಷ್ಟು ಗಾಳಿ ಅಡಗಿ ಕೂತಿರುತ್ತದೆ. ತುಂಬಿದ ಒಂದೊಂದೂ 16-17 ಕಿಲೋ ತೂಗುತ್ತದೆ. ನಿಲ್ಲಿಸಿ ಹಗ್ಗ ಕಟ್ಟದಿದ್ದರೆ ಬೋಟು ವಾಲಿದಾಗ ಯಾರದಾದರೂ ಪಾದದ ಮೇಲೆ ಬೀಳುವುದು ಖಂಡಿತ.

ಏಳಕ್ಕೆ ಬರಬೇಕಾದ ಗುಂಪು ಎಂಟೂಮುಕ್ಕಾಲಿಗೆ ಬಂತು. ಮುಖ್ಯಸ್ಥರು ದೂರದಿಂದಲೇ, "ಭಯ್ಯಾ, ಹದಿನೆಂಟು ಜನ!" ಎಂದು ಕೂಗಿದರು. ನಾನು ಹಲಗೆಯ ಮೇಲೆ 18 ಎಂದು ಬರೆದುಕೊಂಡೆ. ಇಬ್ಬರ ಬಾಯಿಂದ ಹಿಂದಿನ ರಾತ್ರಿಯ ಮದ್ಯದ ವಾಸನೆ ಇನ್ನೂ ಹೋಗಿರಲಿಲ್ಲ. ಅಂಥವರನ್ನು ನೀರಿಗಿಳಿಸುವುದಿಲ್ಲ ಎಂದಾಗ ಜಗಳವಾಯಿತು. ನಾಲ್ವರಿಗೆ ಅದೇ ಸಂಜೆ ವಿಮಾನವಿತ್ತು. ಅವರಿಗೂ ಮುಳುಗುವಂತಿಲ್ಲ, ಮೇಲೆಯೇ ಮುಖವಾಡ ಹಾಕಿಕೊಂಡು ತೇಲಬಹುದು ಎಂದೆ. "ದುಡ್ಡು ಕೊಟ್ಟಿದ್ದೇವಲ್ಲ?" ಎಂದು ಇನ್ನೊಂದು ಜಗಳ.

ನಾನು ಕನ್ನಡದಲ್ಲಿ ಉತ್ತರ ಕೊಟ್ಟದ್ದೇ ತಡ, ಒಬ್ಬ ಹೆಣ್ಣುಮಗಳು, "ಅಯ್ಯೋ, ನೀವು ನಮ್ಮವರಾ ಅಣ್ಣಾ?" ಎಂದು ನಕ್ಕರು. ಜಗಳ ಅರ್ಧ ಇಳಿಯಿತು. ವಿಮಾನದ ವಿಷಯವನ್ನು ಅವರಿಗೆ ಹೇಳಿದಂತೆಯೇ ನಿಮಗೂ ಹೇಳುತ್ತೇನೆ. ನೀರಿನ ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿರುವ ಸಾರಜನಕ ರಕ್ತದಲ್ಲಿ ಹೆಚ್ಚು ಕರಗುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಹೋಗಬೇಕು. ವಿಮಾನ ಏರಿದರೆ ಒಳಗಿನ ಗಾಳಿಯ ಒತ್ತಡ ನೆಲದ ಮೇಲಿಗಿಂತ ಕಡಿಮೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಏನಾಗುತ್ತದೆ? ಗುಳ್ಳೆ ಏಳುತ್ತದೆ. ರಕ್ತದಲ್ಲೂ ಹಾಗೆಯೇ. ಕೀಲುನೋವಿನಿಂದ ಹಿಡಿದು ಕೈಕಾಲು ಬೀಳುವವರೆಗೆ ಏನು ಬೇಕಾದರೂ ಆಗಬಹುದು. ಆದ್ದರಿಂದ ಸಾಧಾರಣ ಆಳಕ್ಕೆ ಒಮ್ಮೆ ಮುಳುಗಿದವರು 12 ಗಂಟೆ, ಹಲವು ಬಾರಿ ಮುಳುಗಿದವರು 18 ಗಂಟೆಯಾದರೂ ಕಳೆಯದೆ ವಿಮಾನ ಹತ್ತಬಾರದು ಎಂಬುದು ರೂಢಿಯ ನಿಯಮ.

ನಾವು ಹಗ್ಗ ಬಿಚ್ಚುತ್ತಿದ್ದಾಗ ಒಬ್ಬ ಹುಡುಗ ಓಡಿಬಂದು ಬೋಟಿಗೆ ಹಾರಿದ. ತಡವಾಗಿ ಎದ್ದವನಿರಬೇಕು, ಹದಿನೆಂಟರಲ್ಲಿ ಅವನೂ ಒಬ್ಬ ಎಂದುಕೊಂಡೆ. ಮುಖ್ಯಸ್ಥರೂ ಏನೂ ಹೇಳಲಿಲ್ಲ. ಈ ಹುಡುಗನನ್ನು ನೆನಪಿಟ್ಟುಕೊಳ್ಳಿ.

ಬಂದರಿನ ಮರೆ ದಾಟಿದ ಕೂಡಲೇ ಅಲೆ ಹೊಡೆಯತೊಡಗಿತು. ಒಬ್ಬೊಬ್ಬರಾಗಿ ಮುಖ ಬಾಡಿಸಿಕೊಂಡು ಮಲಗತೊಡಗಿದರು. ಕಡಲಬೇನೆಗೆ ಮಲಗುವುದಕ್ಕಿಂತ ಬೋಟಿನ ನಡುಭಾಗದಲ್ಲಿ ಕೂತು ದೂರದ ಬಾನಂಚನ್ನು ನೋಡುವುದು ಒಳ್ಳೆಯದು. ಮೊಬೈಲು ನೋಡಿದರೆ ಕೆಡುವುದು ಬೇಗ. ವಾಂತಿ ಬಂದರೆ ಗಾಳಿ ಯಾವ ಕಡೆಯಿಂದ ಬೀಸುತ್ತದೋ ಅದರ ಎದುರು ಬದಿಗೆ ಹೋಗಬೇಕು. ಇಲ್ಲದಿದ್ದರೆ ಅದು ನಿಮ್ಮ ಹಿಂದಿದ್ದವರ ಪಾಲು.

ದ್ವೀಪದ ಮರೆಯಲ್ಲಿ ಲಂಗರು ಹಾಕಿದೆವು. ಆಗಲೇ ಅಲ್ಲಿ ನಾಲ್ಕೈದು ಬೋಟುಗಳಿದ್ದವು, ಎಲ್ಲಕ್ಕೂ ಬಿಳಿ-ನೀಲಿ ಬಣ್ಣ. ಇಳಿಯುವ ಮೊದಲು ಶಿಕ್ಷಕರು ಎರಡು ಮಾತು ಹೇಳಿದರು. ಮೊದಲನೆಯದು, ಕಿವಿ. ಹತ್ತು ಮೀಟರ್ ಆಳದಲ್ಲಿ ಒತ್ತಡ ದಂಡೆಯ ಮೇಲಿನದರ ಎರಡರಷ್ಟಾಗುತ್ತದೆ. ಎರಡು ಮೂರು ಮೀಟರಿಗೇ ಕಿವಿ ನೋಯಲು ಶುರು. ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿದರೆ ಬಿಡುತ್ತದೆ. ಬಿಡದಿದ್ದರೆ ಸ್ವಲ್ಪ ಮೇಲಕ್ಕೆ ಬರಬೇಕು, ಹಟ ಮಾಡಬಾರದು. ನೆಗಡಿಯಿದ್ದವರು ಇಳಿಯಲೇಬಾರದು. ಎರಡನೆಯದು, ಉಸಿರು. ಹತ್ತು ಮೀಟರ್ ಆಳದಲ್ಲಿ ಎದೆತುಂಬ ಎಳೆದ ಗಾಳಿ ಮೇಲೆ ಬರುವಾಗ ಹಿಗ್ಗಿ ಎರಡರಷ್ಟಾಗುತ್ತದೆ. ಉಸಿರು ಕಟ್ಟಿಕೊಂಡು ಮೇಲೆದ್ದರೆ ಶ್ವಾಸಕೋಶ ಬಲೂನಿನಂತೆ ಹರಿಯಬಹುದು. ಆದ್ದರಿಂದ ಉಸಿರಾಟ ನಿಲ್ಲಿಸಲೇಬಾರದು.

ಜನ ನೀರಿನಲ್ಲಿರುವಷ್ಟು ಹೊತ್ತು ಖಲಾಸಿಗೆ ಬಿಡುವಿಲ್ಲ. ಎಂಜಿನ್ ಬಂದಾಗಿರಬೇಕು, ಏಕೆಂದರೆ ನೀರಿನಡಿಯ ಪಂಖ ಯಾರನ್ನೂ ಗುರುತಿಸುವುದಿಲ್ಲ. ಏಣಿಯ ಮೇಲೆ ಒಬ್ಬರಿದ್ದಾಗ ಕೆಳಗೆ ಇನ್ನೊಬ್ಬರು ನಿಲ್ಲಬಾರದು. ಸಿಲಿಂಡರು ಹೊತ್ತವರು ಜಾರಿದರೆ ಕೆಳಗಿದ್ದವರ ತಲೆ ಉಳಿಯುವುದಿಲ್ಲ. ಇವೆಲ್ಲದರ ನಡುವೆ ಒಬ್ಬರಿಗೆ ಚಹಾ ಬೇಕು, ಒಬ್ಬರಿಗೆ ಫೋಟೋ ಬೇಕು, ಇನ್ನೊಬ್ಬರ ಉಂಗುರ ನೀರಿಗೆ ಬಿದ್ದಿದೆ.

ಮಧ್ಯಾಹ್ನ ಎಲ್ಲರೂ ಮೇಲೆ ಬಂದರು. ನಾನು ತಲೆ ಎಣಿಸಿದೆ. ಹದಿನೆಂಟು. ಹಲಗೆಯ ಮೇಲೂ ಹದಿನೆಂಟು. "ಸರಿ ಇದೆ ಮಾಮಾ, ಲಂಗರು ಎತ್ತೋಣ" ಎಂದೆ. ನಮ್ಮ ತಾಂಡೇಲರು ಕಾರವಾರದವರು, ಅರವತ್ತು ದಾಟಿದವರು. ಅವರು ಲಂಗರಿನ ಹಗ್ಗಕ್ಕೆ ಕೈ ಹಾಕಲಿಲ್ಲ. ಬೆಂಚಿನ ತುದಿಗೆ ನೋಡುತ್ತಾ, "ಆ ಅಂಗಿ ಯಾರದು ತಮ್ಮಾ?" ಎಂದರು.

ಒಂದು ಹಳದಿ ಅಂಗಿ, ಅದರ ಮೇಲೆ ಕನ್ನಡಕ. ಎತ್ತಿ ಹಿಡಿದು ಎಲ್ಲರನ್ನೂ ಕೇಳಿದೆ. ಯಾರೂ ನನ್ನದೆನ್ನಲಿಲ್ಲ. ಆಮೇಲೆ ಆ ಹೆಣ್ಣುಮಗಳೇ ಎದ್ದು ನಿಂತರು. "ಅಣ್ಣಾ, ಅದು ನಮ್ಮ ಚಿಕ್ಕಪ್ಪನ ಮಗನದು. ಅವನೆಲ್ಲಿ?"

ಕೊನೆಗೆ ಹಾರಿಬಂದ ಆ ಹುಡುಗ ಗುಂಪಿನ ಪಟ್ಟಿಯಲ್ಲಿ ಇರಲೇ ಇಲ್ಲ. ಬೋಟಿನಲ್ಲಿ ಬಂದವರು ಹತ್ತೊಂಬತ್ತು ಜನ. ಹತ್ತುವಾಗ ತಲೆ ಎಣಿಸದೆ ಇನ್ನೊಬ್ಬರು ಹೇಳಿದ ಅಂಕಿಯನ್ನು ನಾನು ಬರೆದುಕೊಂಡಿದ್ದೆ. ಲೆಕ್ಕ ಸರಿಯಾಗಿತ್ತು, ಮನುಷ್ಯ ಇರಲಿಲ್ಲ. ತಪ್ಪು ನನ್ನದೇ.

ಮುಂದಿನ ಹನ್ನೆರಡು ನಿಮಿಷ ನನಗೆ ಇಂದಿಗೂ ಮರೆತಿಲ್ಲ. ತಾಂಡೇಲರು ಎಲ್ಲರನ್ನೂ ಕೂರಿಸಿ, ತಾವು ಚಾವಣಿ ಹತ್ತಿ ನೀರು ನೋಡತೊಡಗಿದರು. ಇಬ್ಬರು ಶಿಕ್ಷಕರು ಹೊಸ ಸಿಲಿಂಡರು ಕಟ್ಟಿಕೊಂಡು ಕೆಳಗಿಳಿದರು. ಗ್ರಾಂಡೆಯ ನೀರು ಅಂಡಮಾನಿನಂತೆ ತಿಳಿಯಲ್ಲ, ನಾಲ್ಕೈದು ಮೀಟರಿನಾಚೆ ಕಾಣದ ದಿನಗಳು ಬೇಕಾದಷ್ಟು. ನಾನು ಒಂದೊಂದೇ ಬೋಟಿಗೆ ಕೂಗಿ ಕೇಳಿದೆ. ಮೂರನೆಯ ಬೋಟಿನಿಂದ ಉತ್ತರ ಬಂತು. ತೇಲುಜಾಕೀಟು ಹಾಕಿಕೊಂಡು ತೇಲುತ್ತಿದ್ದ ಹುಡುಗ ನೀರಿನ ಸೆಳೆತಕ್ಕೆ ಅತ್ತ ಸರಿದಿದ್ದ. ಕನ್ನಡಕವಿಲ್ಲದೆ, ಬಿಳಿ-ನೀಲಿ ಬೋಟು ನಮ್ಮದೇ ಎಂದು ಹತ್ತಿ, ವಾಂತಿ ಮಾಡಿ, ತಾಡಪಾಲಿನ ನೆರಳಿನಲ್ಲಿ ನಿದ್ದೆ ಹೋಗಿದ್ದ. ಆ ಬೋಟಿನವರೂ ಎಣಿಸಿರಲಿಲ್ಲ.

ಗುಂಪಿನವರು ಚಪ್ಪಾಳೆ ತಟ್ಟಿ ನಕ್ಕರು. ತಾಂಡೇಲರು ದಂಡೆ ಮುಟ್ಟುವವರೆಗೆ ಒಂದು ಮಾತೂ ಆಡಲಿಲ್ಲ.

ಎಲ್ಲರ ಕಥೆಯೂ ಹೀಗೆ ನಗುವಿನಲ್ಲಿ ಮುಗಿಯುವುದಿಲ್ಲ. 1998ರ ಜನವರಿ 25ರಂದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳಲ್ಲಿ ಮುಳುಗಲು ಹೋದ ಅಮೆರಿಕದ ದಂಪತಿಯನ್ನು ಬಿಟ್ಟು ಬೋಟು ದಂಡೆಗೆ ಮರಳಿತು. ಎಣಿಕೆ ತಪ್ಪಿತ್ತು. ಅವರ ಚೀಲ ಬೋಟಿನಲ್ಲೇ ಉಳಿದದ್ದು ಗಮನಕ್ಕೆ ಬಂದು ಹುಡುಕಾಟ ಶುರುವಾದದ್ದು ಎರಡು ದಿನಗಳ ಮೇಲೆ. ಅವರು ಸಿಗಲೇ ಇಲ್ಲ. ಆ ಬಳಿಕ ಅಲ್ಲಿ ಎಣಿಕೆಯ ನಿಯಮಗಳು ಬಿಗಿಯಾದವು. ಈ ಸಂಗತಿ ನನಗೆ ತಿಳಿದದ್ದು ಆಮೇಲೆ. ತಿಳಿದ ರಾತ್ರಿ ನನಗೆ ಕಣ್ಣಿಗೆ ಕಂಡದ್ದು ಆ ಹಳದಿ ಅಂಗಿ.

ಮರುವಾರವೇ ನಾವು ಒಂದು ಹಲಗೆಗೆ ಸಾಲಾಗಿ ಮೊಳೆ ಹೊಡೆದೆವು. ಪ್ರತಿ ಮೊಳೆಗೆ ಒಂದು ಬಿಲ್ಲೆ, ಅದರ ಕೆಳಗೆ ಸೀಮೆಸುಣ್ಣದಲ್ಲಿ ಒಬ್ಬರ ಹೆಸರು. ನೀರಿಗಿಳಿಯುವವರು ತಮ್ಮ ಬಿಲ್ಲೆಯನ್ನು ತೆಗೆದು ಜಾಕೀಟಿಗೆ ಸಿಕ್ಕಿಸಿಕೊಳ್ಳಬೇಕು. ಮೇಲೆ ಬಂದವರು ತಮ್ಮ ಕೈಯಾರೆ ಮತ್ತೆ ನೇತುಹಾಕಬೇಕು, ಗೆಳೆಯರದನ್ನು ಹಾಕುವಂತಿಲ್ಲ. ಅಂಕಿ ಎಷ್ಟು ಜನ ಎಂದಷ್ಟೇ ಹೇಳುತ್ತದೆ, ಖಾಲಿ ಮೊಳೆ ಯಾರಿಲ್ಲ ಎಂದು ಹೇಳುತ್ತದೆ. ಅದರ ಮೇಲೆ ಇಬ್ಬರು ಬೇರೆಬೇರೆಯಾಗಿ ತಲೆ ಎಣಿಸಿ, ಹೆಸರು ಕೂಗಿ, ಪ್ರತಿಯೊಬ್ಬರಿಂದ "ಇದ್ದೇನೆ" ಎನ್ನಿಸಿಕೊಂಡ ಮೇಲೆಯೇ ಲಂಗರು ಏಳುತ್ತಿತ್ತು.

ನೀವು ಇಂಥ ಬೋಟು ಹತ್ತಿದಾಗ ನಿಮ್ಮ ಹೆಸರು ಬರೆದುಕೊಂಡರೇ ನೋಡಿ. ಬರೆದಿಲ್ಲವಾದರೆ ಕೇಳಿ ಬರೆಸಿ. ಬೋಟಿನ ಹೆಸರನ್ನು ಓದಿಕೊಳ್ಳಿ, ಬಣ್ಣವನ್ನು ನಂಬಬೇಡಿ. ಗುಂಪಿನಲ್ಲಿ ಇಬ್ಬಿಬ್ಬರು ಜೊತೆಯಾಗಿ, ಒಬ್ಬರ ಮೇಲೊಬ್ಬರು ಕಣ್ಣಿಡಿ. ಕೊನೆಯ ಗಳಿಗೆಯಲ್ಲಿ ಒಬ್ಬರನ್ನು ಸೇರಿಸಿಕೊಂಡರೆ ಖಲಾಸಿಗೆ ತಿಳಿಸಿ. ಜಾಗವಿಲ್ಲವೆಂದರೆ ಬಿಟ್ಟುಹೋಗಿ. ಒದ್ದೆ ಮೈಯಲ್ಲಿ ನಡುಗುತ್ತಾ ಕೂತಿರುವಾಗ ಯಾರೋ ಬಂದು ಮೂರನೆಯ ಸಲ ನಿಮ್ಮ ಹೆಸರು ಕೂಗಿದರೆ ಬೇಸರಪಡಬೇಡಿ. ಗಟ್ಟಿಯಾಗಿ "ಇದ್ದೇನೆ" ಎನ್ನಿ.